ಆಯುಧಪೂಜೆಗೆ ಬಂದ ಮರುಬಳಕೆ ನೀರು

ಅಪಾರ್ಟ್‌ಮೆಂಟುಗಳ ಕೊಳಚೆ ನೀರು ಶುದ್ಧವಾದ ಮೇಲೆ ಅದನ್ನು ಪೀಣ್ಯದ ಫ್ಯಾಕ್ಟರಿಗಳಿಗೆ ಕೊಡಿಸುವುದು ನನ್ನ ಕೆಲಸ. ನೀರೇನೋ ಪೈಪಿನಲ್ಲಿ ಹರಿದು ಬರುತ್ತದೆ, ಜನರನ್ನು ಒಪ್ಪಿಸುವುದರಲ್ಲೇ ಜೀವ ಹೈರಾಣ. ದಿನಾ ತಗೋತೀವಿ ಅಂತ ಅವರು ಮೊದಲು ಬರೆದುಕೊಡಲಿ ಅನ್ನುತ್ತಾರೆ ಅಪಾರ್ಟ್‌ಮೆಂಟಿನವರು. ದಿನಾ ಕೊಡ್ತೀವಿ ಅಂತ ಅವರೇ ಮೊದಲು ಬರೆದುಕೊಡಲಿ ಅನ್ನುತ್ತಾರೆ ಫ್ಯಾಕ್ಟರಿಯವರು. ಎರಡೂ ಕಡೆ ಕಾಫಿ ಕುಡಿದು ಎದೆಯುರಿ ಬಂದಿದ್ದಷ್ಟೇ ನನಗೆ ಲಾಭ.

ಕೊನೆಗೆ ಬೋರ್‌ವೆಲ್ ಬತ್ತಿದ ಒಂದು ಪ್ಲಾಸ್ಟಿಕ್ ಫ್ಯಾಕ್ಟರಿಯ ಮಾಲೀಕರು ಒಪ್ಪಿದರು. ಅಲ್ಲಿ ಹೇಗೆ ನಡೆಯುತ್ತೋ ನೋಡಿ ಹೇಳ್ತೀವಿ ಅಂತ ಆ ಸಾಲಿನ ಉಳಿದವರು ಕಾದು ಕೂತರು. ಅಲ್ಲಿ ನೀರು ನಿಂತುಹೋದರೆ ಎಲ್ಲ ಕಡೆ ನಿಂತುಹೋದ ಹಾಗೆ.

ಆಯುಧಪೂಜೆಯ ಹಿಂದಿನ ದಿನ ಮಾಲೀಕರ ಫೋನು. "ಮೇಡಂ, ಈ ನೀರಲ್ಲಿ ಮಿಷನ್ ತೊಳೆಯಲ್ಲ ಅಂತ ಕೆಲಸದವರೆಲ್ಲ ಕೂತ್ಬಿಟ್ಟಿದ್ದಾರೆ. ನೀವೇ ಬಂದು ಒಪ್ಸಿ. ಇಲ್ಲಾಂದ್ರೆ ನಿಮ್ಮ ಲೈನ್ ಬಂದ್ ಮಾಡ್ಸಿ ಟ್ಯಾಂಕರ್‌ಗೇ ಹೋಗ್ತೀನಿ."

ಹೋದೆ. ವಯಸ್ಸಾದ ಮೇಸ್ತ್ರಿ ಎದ್ದು ನಿಂತು ಕುರ್ಚಿ ಕೊಟ್ಟರು. "ಕೂಲಿಂಗಿಗೆ ವರ್ಷವೆಲ್ಲ ಹಾಕ್ಕೊಳ್ಳಿ, ಬೇಡ ಅಂದ್ವಾ? ಪೂಜೆಗೆ ಮಾತ್ರ ಕಕ್ಕಸ್ಸಿನ ನೀರು ಬೇಡ ತಾಯಿ."

ನಮ್ಮ ವಂಶದಲ್ಲಿ ಡಿಗ್ರಿ ಓದಿದವಳು ನಾನೊಬ್ಬಳೇ. ಲಗ್ಗೆರೆಯ ಬೀದಿ ನಲ್ಲಿಯ ಸಾಲಿನಲ್ಲಿ ಬಿಂದಿಗೆ ಕಾಯುತ್ತಾ ಓದಿದವಳು, ಅಷ್ಟು ಸುಲಭಕ್ಕೆ ಸೋಲುವವಳಲ್ಲ. ಬಾಟಲಿಯಲ್ಲಿ ನೀರು ಹಿಡಿದು ತೋರಿಸಿದೆ, ಸೋಸುವುದನ್ನೆಲ್ಲ ಬಿಡಿಸಿ ಹೇಳಿದೆ.

"ಎಷ್ಟನೇ ಫ್ಲೋರಿಂದು ಅಂತ ಹೇಳ್ಬಿಡಿ ಮೇಡಂ," ಅಂದ ಒಬ್ಬ ಆಪರೇಟರ್. "ಪೆಂಟ್‌ಹೌಸಿಂದಾದ್ರೆ ತೊಳೀತೀವಿ."

ಎಲ್ಲರೂ ನಕ್ಕರು. ನನಗೂ ನಗು ಬಂತು. ವಾದ ಮಾಡುವ ಶಕ್ತಿ ಉಳಿದಿರಲಿಲ್ಲ. ಗೇಟಿನ ಹತ್ತಿರ ನಿಲ್ಲಿಸಿದ್ದ ನನ್ನ ಸ್ಕೂಟರನ್ನು ತಳ್ಳಿಕೊಂಡು ಬಂದು, ಅದೇ ನೀರಿನ ನಲ್ಲಿಗೆ ಬಕೆಟ್ ಹಿಡಿದು, ಚೂಡಿದಾರ ಎತ್ತಿ ಕಟ್ಟಿ ತೊಳೆದೆ. ಅವರದೇ ಅರಿಶಿನ ಕುಂಕುಮ ಕೇಳಿ ಇಸಕೊಂಡು ಹಚ್ಚಿದೆ.

ಮೇಸ್ತ್ರಿ ನೋಡುತ್ತಾ ನಿಂತಿದ್ದರು. "ಗಾಡಿ ಬೇರೆ, ತಾಯಿ. ಮಿಷನ್ ನಮಗೆ ಅನ್ನ ಹಾಕುತ್ತೆ."

"ಈ ಗಾಡಿ ಓಡದಿದ್ರೆ ನನಗೂ ಅನ್ನ ಇಲ್ಲ, ಅಣ್ಣ."

ಮೇಸ್ತ್ರಿಯೇ ಒಂದು ದಾರಿ ಹೇಳಿದರು: ಪಕ್ಕದ ಫ್ಯಾಕ್ಟರಿಯಿಂದ ಒಂದು ಡ್ರಮ್ ಕಾವೇರಿ ನೀರು ತರಿಸುವುದು. ತೊಳೆಯುವುದೆಲ್ಲ ನನ್ನ ನೀರಲ್ಲಿ, ಕೊನೆಗೆ ಮಿಷನ್ನಿಗೊಂದು ಚೊಂಬು ಕಾವೇರಿ. ಒಪ್ಪಿಕೊಂಡೆ. ಮಾಲೀಕರು ಲೈನ್ ಬಂದ್ ಮಾಡಿಸಲಿಲ್ಲ.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಬಾಗಿಲಲ್ಲಿ ನಿಂತು ಸ್ಕೂಟರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು.

"ಅದೇ ನೀರಲ್ಲೇ ತೊಳೆದ್ಯಾ?"

"ಹೂಂ."

ಒಳಗೆ ಹೋಗಿ ಒಂದು ಚೊಂಬು ನೀರು ತಂದು ಸ್ಕೂಟರಿನ ತಲೆ ಮೇಲೆ ಸುರಿದಳು. ಕುಂಕುಮವೆಲ್ಲ ಇಳಿದು ಹೋಯಿತು. ನಾನು ಬಿಡಿಸಿ ಹೇಳಲು ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಚ್ಚಿದೆ.