ಎರಡು ಸ್ಪಿಂಡಲ್ಲು, ಒಬ್ಬ ಅಂಜುಬುರುಕ

ಧರೆಪ್ಪನಷ್ಟು ಅಂಜುವ ಗಂಡಸನ್ನು ಅಕ್ಕಲಕೋಟೆಯಲ್ಲಿ ಯಾರೂ ಕಂಡಿರಲಿಲ್ಲ. ಹಾವಿಗೆ ಅಂಜುತ್ತಿದ್ದ ಎಂದರೆ ಇರಲಿ ಬಿಡಿ, ಹಾವಿಗೆ ಯಾರು ಅಂಜುವುದಿಲ್ಲ? ಈ ಪುಣ್ಯಾತ್ಮ ಹಿಟ್ಟಿನ ಗಿರಣಿಯ ಪಟ್ಟೆಗೆ ಅಂಜುತ್ತಿದ್ದ, ಎಸ್.ಟಿ. ಬಸ್ಸಿನ ಗಾಲಿಗೆ ಅಂಜುತ್ತಿದ್ದ, ಹೆಂಡತಿ ಬಾವಿಯ ರಾಟೆಯಲ್ಲಿ ಹಗ್ಗ ಎಳೆದರೂ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ. ತಿರುಗುವ ಯಾವುದನ್ನೂ ನಂಬದ ಇಂಥ ಮನುಷ್ಯನಿಗೆ ದೇವರು ಕೊಟ್ಟ ಹೊಟ್ಟೆಪಾಡಾದರೂ ಯಾವುದು? ಹಗಲೆಲ್ಲ ತಿರುಗುವ ಯಂತ್ರದ ಮುಂದೆ ನಿಲ್ಲುವುದು.

ನಗಬೇಡಿ. ಅವನ ಅಂಜಿಕೆಗೆ ಕಾರಣವಿತ್ತು. ಮೊದಲು ಸೋಲಾಪುರದ ಒಂದು ನೂಲಿನ ಗಿರಣಿಯಲ್ಲಿ ಎಣ್ಣೆ ಹಾಕುವ ಕೆಲಸ ಮಾಡುತ್ತಿದ್ದಾಗ, ಪಕ್ಕದಲ್ಲಿ ನಿಂತು ಸುಖದುಃಖ ಮಾತಾಡುತ್ತಿದ್ದ ನಿಂಗಣ್ಣನ ಬಲಗೈ ಓಡುವ ಯಂತ್ರದ ಪಟ್ಟೆಗೆ ಸಿಕ್ಕಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗಿತ್ತು. ನಿಂಗಣ್ಣ ಕೂಗಲೂ ಇಲ್ಲ, ತನ್ನ ಕೈ ಎಲ್ಲಿ ಹೋಯಿತೆಂದು ಸುಮ್ಮನೆ ನೋಡುತ್ತ ನಿಂತಿದ್ದ. ಆ ನೋಟವನ್ನು ಧರೆಪ್ಪ ಮರೆಯಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ರೊಟ್ಟಿ ಮುಟ್ಟದೆಯೇ ಕೆಲಸಕ್ಕೆ ಹೊರಡುತ್ತಿದ್ದ.

ಎಪ್ಪತ್ತೆಂಟನೆಯ ಇಸವಿಯ ಹೊತ್ತಿಗೆ ಅವನು ಅದೇ ಸೋಲಾಪುರದ ವಿಜಾಪುರ ರಸ್ತೆಯ ಒಂದು ತಗಡಿನ ಶೆಡ್ಡಿನಲ್ಲಿದ್ದ. ಶೆಡ್ಡು ಚನ್ನವೀರಪ್ಪ ಸಾವಕಾರರದು. ನವಿ ಪೇಠೆಯಲ್ಲಿ ಅರಿವೆ ಅಂಗಡಿ ಇಟ್ಟ ಮನೆತನ ಅದು, ಈಗ ನೀರೆತ್ತುವ ಪಂಪಿನ ಭಾಗಗಳನ್ನೂ ಮಾಡಿಸುತ್ತಿತ್ತು. ಅವರು ಪುಣೆಯಿಂದ ಒಂದು ಹಳೆಯ ಯಂತ್ರ ತರಿಸಿದರು. ಅದರ ಪಕ್ಕದಲ್ಲಿ ಆಳೆತ್ತರದ ಕಬ್ಬಿಣದ ಕಪಾಟು. ಅದಕ್ಕೆ ಕಂಟ್ರೋಲರ್ ಎನ್ನುತ್ತಿದ್ದರು. ತೂತು ಕೊರೆದ ಕಾಗದದ ಪಟ್ಟಿಯನ್ನು ಅದಕ್ಕೆ ತಿನ್ನಿಸಿದರೆ ಅದೇ ಓದಿಕೊಂಡು ಯಂತ್ರಕ್ಕೆ ಹುಕುಂ ಕೊಡುತ್ತಿತ್ತು. ಯಂತ್ರಕ್ಕೆ ಎಡಕ್ಕೊಂದು ಬಲಕ್ಕೊಂದು ಎರಡು ಸ್ಪಿಂಡಲ್ಲು, ಅಂದರೆ ಡ್ರಿಲ್ ಹಿಡಿದು ಗರಗರ ತಿರುಗುವ ಎರಡು ಉಕ್ಕಿನ ಮುಷ್ಟಿಗಳು. ಎಡದ್ದು ಒಂದನೆಯದು, ಬಲದ್ದು ಎರಡನೆಯದು. ಯಾವುದು ಯಾವಾಗ, ಎಷ್ಟು ಜೋರಾಗಿ ತಿರುಗಬೇಕೆಂದು ಕಪಾಟಿನಲ್ಲಿ ಹೊಂದಿಸುವುದು ಧರೆಪ್ಪನ ಕೆಲಸ.

ಹೊತ್ತು ಉಳಿಸಲು ಅಲ್ಲೊಂದು ರೂಢಿಯಿತ್ತು. ಎಡದ್ದು ತಿರುಗುತ್ತಿರುವಾಗಲೇ ನಿಂತಿರುವ ಬಲದ್ದರಲ್ಲಿ ಒಬ್ಬ ಕೈ ಹಾಕಿ ಡ್ರಿಲ್ ಬದಲಿಸಬೇಕು. ಆ ಕೈ ಸಿದ್ರಾಮನದು. ಸಿದ್ರಾಮ ಎಂದರೆ ಧರೆಪ್ಪನ ಹೆಂಡತಿ ಸುಗಲಾಬಾಯಿಯ ಒಡಹುಟ್ಟಿದ ತಮ್ಮ. ಮೀಸೆ ತಿರುವುವ ಗಂಡಾಳು, ಬಾಯಿ ತೆಗೆದರೆ ಚೇಷ್ಟೆ, ಬೀರೋಬನ ಗುಡಿಯಲ್ಲಿ ಡೊಳ್ಳಿಗೆ ಕೈ ಹಾಕಿದನೆಂದರೆ ಮುದುಕರೂ ಕುಣಿಯುತ್ತಿದ್ದರು. ಅವನನ್ನು ಕೆಲಸಕ್ಕೆ ಸೇರಿಸಿದ ದಿನ ಸುಗಲಾಬಾಯಿ ಗಂಡನಿಗೆ ಹೇಳಿದ್ದಳು: "ಅವನ ಕೈ ನಿಮ್ಮ ಕೈಯಾಗ ಕೊಟ್ಟೀನ್ರಿ. ಹೆಂಗ ಒಯ್ತೀರಿ, ಹಂಗ ತಿರುಗಿ ತರ್ರಿ."

ಈ ಮಾತು ಕೇಳಿದ ಮೇಲೆ ಕೇಳಬೇಕೆ! ಧರೆಪ್ಪನ ಅಂಜಿಕೆ ಎರಡು ಪಟ್ಟಾಯಿತು. ದಿನಾ ಕೆಲಸ ಶುರು ಮಾಡುವ ಮುಂಚೆ ಎಲ್ಲರನ್ನೂ ಗೋಡೆಗೆ ನಿಲ್ಲಿಸುತ್ತಿದ್ದ. ಒಂದನೆಯದಕ್ಕೆ ಹುಕುಂ ಕೊಟ್ಟು, ಒಂದನೆಯದೇ ತಿರುಗುತ್ತದೆಯೇ ಎಂದು ಖಾಲಿ ಓಡಿಸಿ ನೋಡುತ್ತಿದ್ದ. ಆಮೇಲೆ ಎರಡನೆಯದು. ಸಿದ್ರಾಮ ಇದಕ್ಕೆ "ಮಾಮಾನ ಮಂಗಳಾರತಿ" ಎಂದು ಹೆಸರಿಟ್ಟಿದ್ದ. ಶೆಡ್ಡಿನವರೆಲ್ಲ ನಗುತ್ತಿದ್ದರು. ಧರೆಪ್ಪ ಮಾತ್ರ ಬೆವರು ಒರೆಸಿಕೊಳ್ಳುತ್ತಿದ್ದ.

ಸುಗಲಾಬಾಯಿಗೆ ಸಾಕುಸಾಕಾಯಿತು. "ಎಷ್ಟಂತ ಅಂಜತೀರಿ? ಮಗ್ಗಲ ಮನಿಯವರು ನಗಾಕತ್ಯಾರ" ಎಂದು ಬೈದಳು. ಬೈದು ಸುಮ್ಮನಾಗಲಿಲ್ಲ. ಖಂಡೆನವಮಿಯ ಮುಂಚೆ ಬೀರೋಬನ ಗುಡಿಗೆ ಹೋಗಿ ಭಂಡಾರ, ಅಂದರೆ ದೇವರ ಅರಿಸಿನಪುಡಿ, ತಂದು ಅರಿವೆಯಲ್ಲಿ ಗಂಟು ಕಟ್ಟಿ ಗಂಡನ ಕೈಗಿಟ್ಟಳು. "ಮಷಿನ್ನಿಗೆ ಕೈತುಂಬ ಹಚ್ಚಿ ಬರ್ರಿ. ದೇವರ ಹೆಸರಿಲೆ ಅಂಜಿಕಿ ಬಿಟ್ಟಬಿಡ್ರಿ."

ಖಂಡೆನವಮಿಯ ದಿನ ಶೆಡ್ಡಿನಲ್ಲಿ ಆಯುಧಗಳ ಪೂಜೆ. ಕರೆಂಟು ಬಂದ್ ಮಾಡಿತ್ತು. ಆದರೂ ಧರೆಪ್ಪನಿಗೆ ಧೈರ್ಯವಿಲ್ಲ. ಇಷ್ಟು ಜನ ಬಗ್ಗಿ ನಮಸ್ಕಾರ ಮಾಡುವಾಗ ಈ ದೆವ್ವ ತಿರುಗಿಬಿಟ್ಟರೆ? ಕಪಾಟು ತೆರೆದು ಎರಡೂ ಸ್ಪಿಂಡಲ್ಲಿಗೆ ಹೋಗುವ ತಂತಿಗಳ ಪ್ಲಗ್ಗುಗಳನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡ. ಎರಡೂ ಒಂದೇ ಅಳತೆಯವು, ಯಾವುದು ಯಾವ ಜಾಗಕ್ಕಾದರೂ ಕೂರುತ್ತಿತ್ತು. ಗುರುತಿಗೆಂದು ಒಂದನೆಯದಕ್ಕೆ ಬಿಳಿ ಬಣ್ಣ, ಎರಡನೆಯದಕ್ಕೆ ಹಳದಿ ಬಣ್ಣ ಬಳಿದಿತ್ತು. ಯಂತ್ರಕ್ಕೆ ಭಂಡಾರ ಹಚ್ಚಿದ, ಕಪಾಟಿಗೆ ಹಚ್ಚಿದ, ಕೊನೆಗೆ ಇವೇ ಯಂತ್ರದ ಜೀವನಾಡಿ ಎಂದುಕೊಂಡು ಪ್ಲಗ್ಗುಗಳಿಗೂ ಭಕ್ತಿಯಿಂದ ಮೆತ್ತಿದ. ಟೆಂಗಿನಕಾಯಿ ಒಡೆದಾಯಿತು, ಪೇಢೆ ಹಂಚಿಯಾಯಿತು. ಹೊರಡುವಾಗ ಕೈಗೆ ಸಿಕ್ಕ ಪ್ಲಗ್ಗು ಹಳದಿ ಕಂಡಿತು, ಅದನ್ನು ಎರಡನೆಯ ಜಾಗಕ್ಕೆ ಸಿಕ್ಕಿಸಿದ. ಉಳಿದದ್ದನ್ನು ಒಂದನೆಯ ಜಾಗಕ್ಕೆ. ಅನುಮಾನವೇ ಬರಲಿಲ್ಲ.

ದಸರೆ ಮುಗಿದ ಮರುದಿನ ಬೆಳಿಗ್ಗೆ ಒಂದು ಪವಾಡ ನಡೆಯಿತು. ಧರೆಪ್ಪ ತಾನಾಗಿಯೇ ರೊಟ್ಟಿ ಕೇಳಿದ. ಎರಡು ರೊಟ್ಟಿ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದ. ಬಸ್ಸಿನಲ್ಲಿ ಕಿಟಕಿಗೆ ಕೂತು ಸಿದ್ರಾಮನ ಚೇಷ್ಟೆಗೆ ನಕ್ಕ. ದೇವರ ಭಂಡಾರ ಅಂದರೆ ಸುಮ್ಮನೇ ಅಲ್ಲ ಎಂದುಕೊಂಡ.

ಶೆಡ್ಡಿನ ಬಾಗಿಲಲ್ಲೇ ಸಾವಕಾರರು ಎಲೆಯಡಿಕೆ ಜಗಿಯುತ್ತ ನಿಂತಿದ್ದರು. "ಲವಕರ, ಜಲ್ದಿ ಚಾಲೂ ಮಾಡೋ ಧರೆಪ್ಪ. ಮಂಗಳವೇಢೆಯ ಮಾಲು ಮಧ್ಯಾಹ್ನದ ಗಾಡಿಗೆ ಹೋಗಬೇಕು. ನಿನ್ನ ದಿನಾದ ಆರತಿ ಇವತ್ತ ಬ್ಯಾಡ. ಮೊನ್ನಿ ಪೂಜಿನ ಆಗೇದಲ್ಲ?"

"ಹೌದ್ರಿ ಸಾವಕಾರ" ಎಂದ ಧರೆಪ್ಪ. ಜನ್ಮದಲ್ಲಿ ಮೊದಲ ಸಲ!

ಪಟ್ಟಿ ಸಿಕ್ಕಿಸಿದ. ಒಂದನೆಯದರ ವೇಗ ಹೊಂದಿಸಿದ, ಎರಡನೆಯದನ್ನು ನಿಲ್ಲಿಸಿಟ್ಟ. ಸಿದ್ರಾಮ ಬೋಲ್ಟು ಬಿಗಿಯುವ ಕಬ್ಬಿಣದ ಪಾನಾ ಹಿಡಿದು ಬಲದ ಸ್ಪಿಂಡಲ್ಲಿಗೆ ಬಗ್ಗಿ, ಕೈಯನ್ನು ಮೊಣಕೈತನಕ ಒಳಗೆ ತೂರಿಸಿ ಡ್ರಿಲ್ ಬಿಗಿಯತೊಡಗಿದ. "ಹೂಂ ಮಾಮಾ, ಬಿಡ್ರಿ ನಿಮ್ಮ ಕುದುರಿ!" ಎಂದು ಒಳಗಿನಿಂದಲೇ ಕೂಗಿದ.

ಧರೆಪ್ಪನ ಹೆಬ್ಬೆರಳು ಗುಂಡಿಯ ಮೇಲಿತ್ತು. ಒತ್ತಬೇಕು. ಆಗ ಅವನಿಗೆ ಹೊಳೆಯಿತು, ಎದೆ ಬಡಿದುಕೊಳ್ಳುತ್ತಿಲ್ಲ. ಅಂಗೈ ಒಣಗಿದೆ. ಇಷ್ಟು ವರ್ಷ ಜೊತೆಗೇ ಬರುತ್ತಿದ್ದ ಅಂಜಿಕೆ ಎಲ್ಲಿ? ಜೇಬು ತಡಕಿದವನಂತೆ ಒಳಗೆಲ್ಲ ಹುಡುಕಿದ, ಸಿಗಲಿಲ್ಲ. ನಿಂಗಣ್ಣನೂ ಆ ದಿನ ಹೀಗೇ ಅಂಜಿಕೆಯಿಲ್ಲದೆ ಮಾತಾಡುತ್ತ ನಿಂತಿದ್ದನಲ್ಲ! ಅಯ್ಯೋ ಶಿವನೇ, ಅಷ್ಟು ನೆನಪಾದದ್ದೇ ತಡ, ಹೋದ ಅಂಜಿಕೆ ಓಡೋಡಿ ಬಂತು. ಹೆಬ್ಬೆರಳು ಗುಂಡಿಯ ಮೇಲೆಯೇ ನಡುಗತೊಡಗಿತು. ನಡುಗುತ್ತ ನಡುಗುತ್ತ ಅದೇ ಒತ್ತಿಬಿಟ್ಟರೆ? ಕೈಯನ್ನು ಕೆಂಡದಿಂದ ಕಿತ್ತಂತೆ ಹಿಂದಕ್ಕೆ ಎಳೆದುಕೊಂಡ.

"ಸಿದ್ರಾಮ, ಈಚೆ ಬಾ."

"ಮತ್ತ ಸುರು ಆತೇನ್ರಿ? ದೇವ್ರು ಬಂದು ಕುಂತಾನ ಇದರಾಗ, ಇನ್ನೂ ಅಂಜತೀರಿ?"

"ನಿನ್ನ ಕಾಲಿಗೆ ಬೀಳ್ತೀನೋ, ಕೈ ತಗಿ! ಗ್ವಾಡಿಗೆ ಹೋಗಿ ನಿಂದರ!"

ಅವನ ದನಿ ಕೇಳಿ ಶೆಡ್ಡಿನವರೆಲ್ಲ ಕೆಲಸ ಬಿಟ್ಟು ತಿರುಗಿ ನೋಡಿದರು. ಸಿದ್ರಾಮ ಬೇಸರದಿಂದ ಪಾನಾವನ್ನು ಅಲ್ಲೇ ಕಚ್ಚಿಸಿ ಬಿಟ್ಟು, ಗೋಡೆಗೆ ಬಂದು ಎರಡೂ ಕೈ ಮೇಲೆತ್ತಿ ತೋರಿಸಿದ. "ತಗೋರಿ, ನೋಡ್ರಿ, ಎರಡೂ ಅದಾವ."

ಧರೆಪ್ಪ ಒಂದನೆಯದಕ್ಕೆ ಹುಕುಂ ಕೊಟ್ಟ.

ಎಡದ್ದು ಮಿಸುಕಲಿಲ್ಲ. ಬಲದ್ದು ಗರ್ರೆಂದು ತಿರುಗಿತು. ಪಾನಾ ಒಂದು ಸುತ್ತು ಹಾಕಿ ಬಂದು ಚಿಮ್ಮಿತು, ಧಡಾರೆಂದು ತಗಡಿನ ಗೋಡೆಯನ್ನು ಸೀಳಿ ಆಚೆ ಹೋಯಿತು. ಸೀಳಿನಿಂದ ವಿಜಾಪುರ ರಸ್ತೆಯ ಬಿಸಿಲು ಒಳಗೆ ಬಂತು. ಸಾವಕಾರರ ಬಾಯಿ ಜಗಿಯುವುದನ್ನು ನಿಲ್ಲಿಸಿತು. ಸಿದ್ರಾಮನ ಕೈಗಳು ಮೇಲೆಯೇ ಇದ್ದವು, ಇಳಿಸುವುದು ಅವನಿಗೆ ನೆನಪಾಗಲಿಲ್ಲ.

ಧರೆಪ್ಪ ಯಂತ್ರ ನಿಲ್ಲಿಸಿ, ಕರೆಂಟು ತೆಗೆದು, ಕಪಾಟು ತೆರೆದ. ಎರಡನೆಯ ಜಾಗದ ಪ್ಲಗ್ಗನ್ನು ಕಿತ್ತು ಹೆಬ್ಬೆರಳಿನಿಂದ ಒರೆಸಿದ. ಭಂಡಾರ ಉದುರಿತು. ಕೆಳಗಿನ ಬಣ್ಣ ಬಿಳಿ, ಒಂದನೆಯದರದು. ಯಾರನ್ನು ಬೈಯುವುದು? ಹಚ್ಚಿದ ಕೈ ತನ್ನದೇ.

ಸಂಜೆ ಬಸ್ಸಿನಲ್ಲಿ ಸಿದ್ರಾಮ ಮೂಲೆಯ ಸೀಟು ಹಿಡಿದು ಕೂತ. ಎರಡು ಕೈಯನ್ನೂ ಕಂಕುಳಲ್ಲಿ ಒತ್ತಿ ಹಿಡಿದಿದ್ದ. ಅಕ್ಕಲಕೋಟೆಯ ಮನೆಯಲ್ಲಿ ಸುಗಲಾಬಾಯಿ ತಾಟು ಹಾಕಿದಾಗಲೂ ಸಿದ್ರಾಮ ಕೈ ಹೊರಗೆ ತೆಗೆಯಲಿಲ್ಲ.

"ಯಾಕ? ಏನಾತು?" ಎಂದಳು ಅವಳು.

ಧರೆಪ್ಪ ಎಲ್ಲ ಹೇಳಿದ. ಬಿಳಿ, ಹಳದಿ, ಭಂಡಾರ, ಪಾನಾ, ಗುಂಡಿಯ ಮೇಲಿದ್ದ ತನ್ನ ಹೆಬ್ಬೆರಳು. "ನಾನ ಅವನ ಕೈ ಕಳೀತಿದ್ದೆ. ಇವತ್ತ ನನಗ ಅಂಜಿಕಿ ಆಗಲೇ ಇಲ್ಲ, ಸುಗಲಾ" ಎಂದು ಅತ್ತ.

ಸುಗಲಾಬಾಯಿ ತಮ್ಮನ ಮುಂದೆ ಕೂತಳು. ಕಂಕುಳಿಂದ ಅವನ ಕೈ ಬಿಡಿಸಿಕೊಂಡು, ಹಸುಗೂಸಿನ ಬೆರಳು ನೋಡುವಂತೆ ಒಂದೊಂದೇ ಬೆರಳು ಹಿಡಿದು ನೋಡಿದಳು. ತಾನೇ ರೊಟ್ಟಿ ಮುರಿದು ಅವನ ಬಾಯಿಗೆ ಇಟ್ಟಳು. ಆಮೇಲೆ ಕಣ್ಣೊರೆಸಿಕೊಂಡು ಇನ್ನೊಂದು ತಾಟನ್ನು ಗಂಡನ ಕಡೆ ಸರಿಸಿದಳು.

"ಉಣ್ರಿ. ಉಂಡು ಮಲಗ್ರಿ. ನಾಳಿಗೂ ಅಂಜ್ರಿ" ಎಂದಳು.