ಸಾಲಿನ ಮೊದಲ ಮೆಷಿನ್

ಅಂದು ನಾನು ಮೆಷಿನ್ ನಿಲ್ಲಿಸಲಿಲ್ಲ. ನಿಲ್ಲಿಸುತ್ತೇನೆಂದು ತಂಗಿ ರತ್ನಳಿಗೆ ಮಾತು ಕೊಟ್ಟಿದ್ದೆ — ಆದರೂ ನಿಲ್ಲಿಸಲಿಲ್ಲ.

ಅರಸೀಕೆರೆಯ ಗಾರ್ಮೆಂಟ್ಸ್‌ನಲ್ಲಿ ನಾವಿಬ್ಬರೂ ಒಂದೇ ಸಾಲಿನಲ್ಲಿ ಹೊಲಿಯುತ್ತಿದ್ದೆವು. ನನ್ನದು ಸಾಲಿನ ಮೊದಲ ಮೆಷಿನ್. ನಾನು ನಿಂತರೆ ಮುಂದಿನ ಯಾರಿಗೂ ಬಟ್ಟೆ ಹೋಗದು. ಕನಿಷ್ಠ ಕೂಲಿ ಏರಿಸಿ ಎಂದಾಗಲೆಲ್ಲ ಮ್ಯಾನೇಜರರದು ಒಂದೇ ಮಾತು: "ಏರ್ಸಿದ್ರೆ ಆರ್ಡರ್ ಬಾಂಗ್ಲಾದೇಶಕ್ಕೆ ಹೋಯ್ತದೆ. ಆಮೇಲೆ ಮನೇಲಿ ಮುದ್ದೆ ತೊಳಸ್ಕಂಡು ಕೂತ್ಕಳಿ."

ರತ್ನ ಕಾರ್ಮಿಕ ಸಂಘದ ಕೆಲಸಕ್ಕೆ ಓಡಾಡುವವಳು. ಬಾಂಗ್ಲಾದ ಹೊಲಿಗೆಯವಳೊಬ್ಬಳ ಜೊತೆ, ಭಾಷೆ ಬಲ್ಲವರನ್ನು ಕೂರಿಸಿಕೊಂಡು ಫೋನಿನಲ್ಲಿ ಮಾತಾಡಿ ಬಂದವಳು ನಗುತ್ತಿದ್ದಳು.

"ಅವ್ರಿಗೆ ಏನಂತ ಹೆದರಿಸ್ತಾರೆ ಗೊತ್ತೇನಕ್ಕ? ಆರ್ಡರ್ ಇಂಡಿಯಾಕ್ಕೆ ಹೋಯ್ತದೆ ಅಂತ. ನಾವೇ ಕಣಕ್ಕ ಅವ್ರ ಗುಮ್ಮ."

ನೆರೆಯ ದೇಶಗಳೆಲ್ಲ ಕೂತು, ಇದಕ್ಕಿಂತ ಕಡಿಮೆ ಕೂಲಿ ಎಲ್ಲೂ ಇರಕೂಡದು ಎಂದು ಗೆರೆ ಎಳೆದರೆ ಆರ್ಡರಿಗೆ ಓಡಲು ಜಾಗವಿರದು — ಇದು ಸಂಘದವರ ಬೇಡಿಕೆ. ಸರ್ಕಾರಗಳೋ, ಮೊದಲು ಪಕ್ಕದ ದೇಶದವರು ಏರಿಸಲಿ ಎನ್ನುತ್ತಿದ್ದವು. ಅದಕ್ಕೇ ನಾವೂ ಸೇರಿ ಮೂರು ದೇಶದ ಹೊಲಿಗೆಯ ಹೆಂಗಸರು ಒಂದೇ ದಿನ, ಊಟದ ಗಂಟೆಗೆ ಮುಂಚೆ, ತುಸು ಹೊತ್ತು ಮೆಷಿನ್ ನಿಲ್ಲಿಸುವುದೆಂದಾಯಿತು. ನಮ್ಮಲ್ಲಿ ಮೊದಲು ನಾನು.

ಕೈ ಸ್ವಿಚ್ಚಿನವರೆಗೂ ಹೋಯಿತು. ಪಕ್ಕದವಳು ನಿಲ್ಲಿಸಲಿ, ಆಮೇಲೆ ನಾನು — ಎಂದುಕೊಂಡೆ. ಪಕ್ಕದವಳು ನನ್ನನ್ನೇ ನೋಡುತ್ತಿದ್ದಳು. ಎಲ್ಲರೂ ನನ್ನನ್ನೇ... ಸಾಲಿನ ಕೊನೆಯಲ್ಲಿ ರತ್ನ ಒಬ್ಬಳೇ ಮೆಷಿನ್ ನಿಲ್ಲಿಸಿ ಎದ್ದು ನಿಂತಳು. ಆ ವಾರವೇ ಅವಳನ್ನು ಕೆಲಸದಿಂದ ತೆಗೆದರು.

"ಸೂಪರ್‌ವೈಸರ್ ಹಿಂದೇನೇ ನಿಂತಿದ್ದ ಕಣೇ" ಎಂದೆ. ರತ್ನ ನಂಬಿದಳು. ಬೈದಿದ್ದರೆ ಸುಲಭವಿತ್ತು.

ವರ್ಷಗಳೇ ಕಳೆದವು; ಈಗ ಅವಳು ಹಳೇಬೀಡಿನಲ್ಲಿ ರವಿಕೆ ಹೊಲಿಯುತ್ತಾಳೆ, ಸಂಘ ಬಿಟ್ಟಿಲ್ಲ. ಮೊನ್ನೆ ಹೋದಾಗ, ಆ ಮೂರು ದೇಶದ ಹೆಂಗಸರೇ ಸೇರುವ ಸಭೆಗೆ ರವಿಕೆ ಬಟ್ಟೆ ಕತ್ತರಿಸುತ್ತಲೇ ಭಾಷಣ ಬಾಯಿಪಾಠ ಮಾಡುತ್ತಿದ್ದಳು.

"ನಿನ್ ಕತೇನೂ ಐತೆ ಕಣಕ್ಕ. ಪಾಪ ನಮ್ಮಕ್ಕನ ತಲೆ ಮೇಲೇ ಸೂಪರ್‌ವೈಸರ್ ನಿಂತಿದ್ದ ಅಂತ."

ನನ್ನ ಸುಳ್ಳು ಅಷ್ಟು ದೂರ ಹೊರಟಿತ್ತು. ಅಂದು ಫೋನಿನ ಆ ಬಾಂಗ್ಲಾದ ಹೆಂಗಸು ಮೆಷಿನ್ ನಿಲ್ಲಿಸಿದ್ದಳಂತೆ. ಅವಳು ನನಗಾಗಿ ಮರುಗುವುದು — ಬೇಡ ಎನಿಸಿತು.

"ನನ್ನ ಹಿಂದೆ ಯಾರೂ ಇರ್ನಿಲ್ಲ ಕಣೇ" ಎಂದೆ.

ಕತ್ತರಿ ಕೆಳಗಿಟ್ಟಳು.

"ಎಲ್ಲಾ ಬಾಯಿಪಾಠ ಆಗಿತ್ತಲ್ಲಕ್ಕ" ಎಂದಳು. "ಈಗ ತಿದ್ಬೇಕು."

"ತಿದ್ದು. ನನ್ನ ಹೆಸರು ಹಿಡಿದೇ ಹೇಳು."

ಕ್ಷಮಿಸಿದಳೋ ಇಲ್ಲವೋ, ನಾನು ಕೇಳಲಿಲ್ಲ. ಆದರೆ ಬಸ್ ಸ್ಟ್ಯಾಂಡಿಗೆ ನಡೆಯುವಾಗ ಎಷ್ಟೋ ವರ್ಷದ ಮೇಲೆ ಉಸಿರು ಎದೆಯ ತುಂಬ ಆಡಿತು. ನನ್ನ ಚೀಲ ಹಿಡಿದು ಅವಳೂ ಜೊತೆಗೆ ಬಂದಳು. ಅರಸೀಕೆರೆ ಬಸ್ಸಿನ ಕಿಟಕಿಯಿಂದ ಅವಳ ಕೈ ಹಿಡಿದು, ಪಕ್ಕದವರಿಗೂ ಕೇಳುವಂತೆ ಹೇಳಿದೆ:

"ತಪ್ಪಾಯ್ತು ರತ್ನ. ಮೊದ್ಲು ನಾನೇ ನಿಲ್ಲಿಸ್ಬೇಕಿತ್ತು."