ಫ್ರೀಡಾ ಮಾರ್ಕ್‌ಹೈಮ್ ಮತ್ತು ಬಾರದೆ ಉಳಿದ ತಂಗಿ

ಮೈಸೂರು ಸೀಮೆಯ ಕೈಮಗ್ಗದ ಸೀರೆಗಳ ಅಂಚು ಸೆರಗುಗಳಲ್ಲಿ ಕಳೆದ ಹತ್ತು ವರ್ಷಗಳಿಂದ ಕಣ್ಣಿಗೆ ಬಿದ್ದಿರುವ ಹೊಸತನದಲ್ಲಿ ಬಹುಪಾಲು ಒಬ್ಬರೇ ವ್ಯಕ್ತಿಯ ಕೈಯಿಂದ ಬಂದದ್ದೆಂದು ಹೇಳಿದರೆ ದೊಡ್ಡಬಳ್ಳಾಪುರದ ಯಾವ ಜವಳಿ ಅಂಗಡಿಯವರೂ ಅದನ್ನು ಅತಿಶಯೋಕ್ತಿ ಎನ್ನಲಾರರು. ಆ ವ್ಯಕ್ತಿ, ನಮ್ಮ ನೇಯ್ಗೆ ಶಾಲೆಯ ವಿನ್ಯಾಸದ ಅಧ್ಯಾಪಕಿ ಕುಮಾರಿ ಫ್ರೀಡಾ ಮಾರ್ಕ್‌ಹೈಮ್ ಅವರು, ಅರುವತ್ತು ತುಂಬಿ ಈ ೧೯೪೯ನೆಯ ಇಸವಿಯಲ್ಲಿ ನಿವೃತ್ತರಾಗುತ್ತಿದ್ದಾರೆ. ಶಾಲೆಯ ಹಳೆಯ ವಿದ್ಯಾರ್ಥಿಗಳು ಸೇರಿ ಹೊರತರುತ್ತಿರುವ ಈ ಸಂಪುಟದಲ್ಲಿ ಅವರ ಕಸುಬಿನ ವಿಷಯವನ್ನು ಬಲ್ಲವರು ಬರೆದಿದ್ದಾರೆ. ಇಲ್ಲಿ ಬರೆಯಬೇಕಾದದ್ದು ಅವರ ಬದುಕು. ಅಭಿನಂದನೆಯ ಬರಹಕ್ಕೆ ಹಬ್ಬದ ಕಳೆ ಇರಬೇಕೆಂಬುದು ರೂಢಿ. ಈ ಬದುಕಿನ ಮೇಲೆ ಆ ಕಳೆಯನ್ನು ಬಳಿಯಲು ಹೋದರೆ ಅದು ಅಪಚಾರವಾದೀತು, ಓದುಗರು ಮನ್ನಿಸಬೇಕು.

ಜರ್ಮನಿಯ ಸಾಕ್ಸನಿ ಪ್ರಾಂತ್ಯದ ಗಿರಣಿಗಳ ಊರೊಂದರಲ್ಲಿ ಉಣ್ಣೆ ವ್ಯಾಪಾರಿಯ ಹಿರಿಯ ಮಗಳಾಗಿ ಹುಟ್ಟಿದ ಫ್ರೀಡಾ ಅವರು, ಹೆಣ್ಣುಮಕ್ಕಳಿಗೆ ಕಸೂತಿ ಬಂದರೆ ಸಾಕೆನ್ನುತ್ತಿದ್ದ ಕಾಲದಲ್ಲಿ ಹಟ ಹಿಡಿದು ಕಲಾಶಾಲೆ ಸೇರಿದರು. ಓದು ಮುಗಿಸಿ ದೊಡ್ಡ ಗಿರಣಿಯೊಂದರ ವಿನ್ಯಾಸದ ಕೋಣೆಗೆ ಹೋದಾಗ ಗಂಡಸರು ಬರೆದ ಚಿತ್ರಗಳಿಗೆ ಬಣ್ಣ ತುಂಬುವುದಷ್ಟೇ ಅವರ ಪಾಲಿಗೆ ಬಂತು. ಮೊದಲ ಮಹಾಯುದ್ಧಕ್ಕೆ ಗಂಡಸರೆಲ್ಲ ಹೊರಟುಹೋದ ಮೇಲೆ ಆ ಕೋಣೆಯೇ ಇವರ ಕೈಗೆ ಬಂತು, ಯುದ್ಧ ಮುಗಿದು ಅವರು ಮರಳಿದ ಮೇಲೂ ಇವರು ಅದನ್ನು ಬಿಟ್ಟುಕೊಡಲಿಲ್ಲ. ತಾಯಿ ಬೇಗನೆ ತೀರಿಕೊಂಡಿದ್ದರಿಂದ ತಂಗಿ ಕ್ಲಾರಾಳನ್ನು ಎತ್ತಿ ಆಡಿಸಿ, ಜಡೆ ಹೆಣೆದು, ಓದಿಸಿದವರೂ ಇವರೇ. ಕ್ಲಾರಾ ನೂಲಿಗೆ ಬಣ್ಣ ಹಾಕುವ ವಿದ್ಯೆ ಕಲಿತು ಅದೇ ಗಿರಣಿಗೆ ಬಂದರು. ಅಕ್ಕ ಚಿತ್ತಾರ ಬರೆಯುವುದು, ತಂಗಿ ಅದಕ್ಕೊಪ್ಪುವ ಬಣ್ಣವನ್ನು ಒಲೆಯ ಮುಂದೆ ನಿಂತು ಹದ ಮಾಡುವುದು, ಸಂಜೆ ಇಬ್ಬರೂ ಜಗಳವಾಡುತ್ತ ಒಟ್ಟಿಗೆ ಮನೆಗೆ ನಡೆಯುವುದು: ಫ್ರೀಡಾ ಅವರು ಸುಖ ಎಂದು ಹೇಳಿಕೊಳ್ಳುವುದೇನಿದ್ದರೂ ಇಷ್ಟನ್ನೇ.

ನಾಜಿ ಸರಕಾರ ಬಂದೊಡನೆ, ಯಹೂದಿಗಳೆಂಬ ಒಂದೇ ಕಾರಣಕ್ಕೆ ಅಕ್ಕತಂಗಿಯರನ್ನು ಗಿರಣಿಯಿಂದ ಹೊರಹಾಕಿದರು. ಹೊರಹಾಕಿದ್ದು ಅವರನ್ನು ಮಾತ್ರ, ವಿನ್ಯಾಸಗಳನ್ನು ಇಟ್ಟುಕೊಂಡರು. ಊರಿನ ಹೋಟೆಲೊಂದರ ಕುರ್ಚಿಗಳಿಗೆಲ್ಲ ಫ್ರೀಡಾ ಅವರು ಬರೆದ ಬಟ್ಟೆಯನ್ನೇ ಹೊದಿಸಿದ್ದರು. ಯಹೂದಿಗಳಿಗೆ ಪ್ರವೇಶವಿಲ್ಲವೆಂಬ ಹಲಗೆ ಅದರ ಬಾಗಿಲಲ್ಲಿ ತೂಗುತ್ತಿದ್ದುದರಿಂದ ಅವರು ಕಿಟಕಿಯ ಗಾಜಿನ ಮೂಲಕ ಅದನ್ನು ನೋಡಿಕೊಂಡು ಮುಂದೆ ಹೋಗಬೇಕಾಗಿತ್ತು.

ಹೀಗೆ ಐದು ವರ್ಷ ಕಳೆಯುವ ಹೊತ್ತಿಗೆ ಇಲ್ಲಿ ನಮ್ಮೂರಿನ ಜವಳಿ ವರ್ತಕರೂ ಈ ಶಾಲೆಯ ಸ್ಥಾಪಕರೂ ಆದ ವೆಂಕಟರಾಯಪ್ಪನವರು, ತೂತು ಕೊರೆದ ರಟ್ಟುಗಳಿಂದ ಹಾಸಿನ ನೂಲನ್ನು ಎತ್ತಿಸುವ ಜಕಾರ್ಡ್ ಯಂತ್ರವನ್ನು ತರಿಸಿ, ಅದಕ್ಕೆ ಚಿತ್ತಾರ ಬರೆಯಬಲ್ಲವರು ಸಿಗದೆ ಕೈಚೆಲ್ಲಿ ಕುಳಿತಿದ್ದರು. ಯಂತ್ರ ಮಾರಿದ ಬೆಂಗಳೂರಿನ ಏಜೆಂಟರ ಮೂಲಕ ಫ್ರೀಡಾ ಅವರ ಹೆಸರು ಬಂತು. ೧೯೩೮ರ ದೀಪಾವಳಿಯ ಹೊತ್ತಿಗೆ ಅವರು ಒಂದು ಪೆಟ್ಟಿಗೆ ಹಿಡಿದುಕೊಂಡು ನಮ್ಮ ರೈಲು ನಿಲ್ದಾಣದಲ್ಲಿ ಇಳಿದರು. ಹಾಸಿಗೆ ಹಿಡಿದಿದ್ದ ತಂದೆಯನ್ನು ನೋಡಿಕೊಳ್ಳಲು ಕ್ಲಾರಾ ಅಲ್ಲೇ ಉಳಿದರು.

ಊರಿನವರು ಅವರನ್ನು ದೊರೆಸಾನಿ ಎಂದರು. ಅವರು ಉಳಿದುಕೊಂಡದ್ದು ಮಾತ್ರ ನೇಕಾರರ ಬೀದಿಯ ವಿಧವೆ ಅಶ್ವತ್ಥಮ್ಮನವರ ಮನೆಯ ಮುಂದಿನ ಕೋಣೆಯಲ್ಲಿ. ನೂಲು ಸುತ್ತುತ್ತ ಕುಳಿತ ಅಶ್ವತ್ಥಮ್ಮನವರ ಬಾಯಿಂದಲೇ ಕನ್ನಡ ಕಲಿತದ್ದರಿಂದ, ಶಾಲೆಯ ತನಿಖೆಗೆಂದು ಬಂದ ದೊಡ್ಡ ಅಧಿಕಾರಿಗಳನ್ನು ಅವರು "ಬನ್ರಪ್ಪಾ, ಕೂತ್ಕಳಿ, ಬಿಸಿಲಾಗೆ ಬಂದಿದೀರಿ" ಎಂದು ಸ್ವಾಗತಿಸಿದ್ದನ್ನು ನೆನೆದು ಇಂದಿಗೂ ನಗುವವರಿದ್ದಾರೆ. ಪಾಠದಲ್ಲಿ ಮಾತ್ರ ನಗೆಗೆ ಎಡೆಯಿರಲಿಲ್ಲ. ಚೌಕುಳಿ ಕಾಗದದ ಮೇಲೆ ಒಂದು ಮನೆ ತಪ್ಪಾದರೂ ಹಾಳೆಯನ್ನು ಹರಿದು ಕೈಗಿಡುತ್ತಿದ್ದರು. ಬರೆದದ್ದನ್ನು ನೂಲಿನ ಲೆಕ್ಕದಲ್ಲಿ ಎಲ್ಲರೂ ಸೇರಿ "ಎರಡು ಎತ್ತು, ಒಂದು ಬಿಡು" ಎಂದು ಗಟ್ಟಿಯಾಗಿ ಹೇಳಬೇಕು. ಆ ಘೋಷ ಬೀದಿಯ ತುದಿಯವರೆಗೂ ಕೇಳುತ್ತಿತ್ತು.

ಮರುವರ್ಷ, ೧೯೩೯ರ ಬೇಸಗೆಯಲ್ಲಿ, ತಂದೆ ತೀರಿಕೊಂಡರೆಂದೂ ಕ್ಲಾರಾ ಇನ್ನು ಒಂಟಿಯೆಂದೂ ತಿಳಿಯಿತು. ಅವರನ್ನು ಇಲ್ಲಿಗೆ ಕರೆಸಿಕೊಳ್ಳಲು ಕೆಲಸ ಕೊಡುವವರೊಬ್ಬರ ಸಹಿ ಇರುವ ಒಪ್ಪಿಗೆ ಪತ್ರ ಬೇಕಾಗಿತ್ತು. ಶಾಲೆಗೆ ಬಣ್ಣದ ಅಧ್ಯಾಪಕರೂ ಬೇಕಾಗಿದ್ದರು. ಫ್ರೀಡಾ ಅವರು ಕೇಳಿದೊಡನೆ ವೆಂಕಟರಾಯಪ್ಪನವರು ಹಿಗ್ಗಿಹೋದರು. ಶಾಲೆಯ ಹಿಂದೆ ಬಣ್ಣದ ಕೋಣೆ ಕಟ್ಟಲು ಅಂದೇ ಜಾಗ ಗುರುತು ಮಾಡಿದರು. ಸಹಿಯ ಮಾತು ಬಂದಾಗ ಮಾತ್ರ ಕೈ ಹಿಂದೆಗೆದರು.

"ಸೈನು ಹಾಕೋಕೆ ನಂಗೇನು ಕಷ್ಟ ತಾಯಿ? ಆದ್ರೆ ಆಷಾಢ ಹುಟ್ಟೈತೆ. ಈ ತಿಂಗ್ಳಲ್ಲಿ ಕರೆದ್ರೆ ಬರೋ ಹೆಣ್ಮಗಳಿಗೆ ಏಳಿಗೆ ಇರಲ್ಲ. ಶ್ರಾವಣ ಬರ್ತಿದ್ದಂಗೆ ಒಳ್ಳೇ ದಿನ ನೋಡಿ ಮಾಡ್ಕೊಡ್ತೀನಿ" ಎಂದರು.

ಆಷಾಢ ಕಳೆಯಿತು. ಆ ವರ್ಷ ಶ್ರಾವಣವೇ ಅಧಿಕವಾಗಿ ಎರಡು ಸಲ ಬಂದಿತ್ತು. ಅಧಿಕ ಮಾಸದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಹೊಸ ಮಗ್ಗ ಹೂಡುವುದೂ ಇಲ್ಲ. "ಇದೂ ಕಳೀಲಿ ತಾಯಿ, ನಿಜ ಶ್ರಾವಣಕ್ಕೆ ಮಾಡಾಣ" ಎಂದು ಅವರು ಮತ್ತೆ ಹೇಳಿದಾಗ ಫ್ರೀಡಾ ಅವರು ತಲೆಯಾಡಿಸಿ ಮನೆಗೆ ಬಂದರು. "ಯಜಮಾನ್ರನ್ನ ಜೋರಾಗಿ ಕೇಳ್ಬಾರ್ದಾ ಪ್ರೀಡಮ್ಮ? ಅಲ್ಲಿ ಏನೇನಾಗ್ತೈತೋ" ಎಂದು ಅಶ್ವತ್ಥಮ್ಮನವರು ಗದರಿದರು. ಫ್ರೀಡಾ ಅವರು, "ಅವರು ಒಳ್ಳೇದಕ್ಕೇ ಹೇಳ್ತವ್ರೆ. ನನ್ನ ತಂಗಿಗೆ ಒಳ್ಳೇದಾಗ್ಲಿ ಅಂತ ಕಾಯೋರು ನನ್ನ ದೇಶದಲ್ಲಿ ಒಬ್ರೂ ಇಲ್ಲ" ಎಂದರು. ತಮ್ಮ ಊರಿನಲ್ಲಿ ಕಂಡ ಮುಖಗಳ ಮುಂದೆ ಈ ಮುದುಕರ ಮುಖ ಅವರಿಗೆ ದೇವರ ಮುಖದಂತೆ ಕಂಡಿರಬೇಕು. ಒರಟಾಗಿ ಕೇಳಲು ಅವರಿಗೆ ಬಾಯಿ ಬರಲಿಲ್ಲ.

ನಿಜ ಶ್ರಾವಣದ ಒಳ್ಳೆಯ ದಿನ ನೋಡಿ, ಕಾಗದದ ಮೂಲೆಗೆ ಅರಿಸಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ವೆಂಕಟರಾಯಪ್ಪನವರು ಸಹಿ ಹಾಕಿದರು. ಆ ಹೊತ್ತಿಗೆ ಬಣ್ಣದ ಕೋಣೆಗೆ ಸುಣ್ಣವೂ ಆಗಿತ್ತು, ತಾಮ್ರದ ಹಂಡೆಗಳೂ ಬಂದಿದ್ದವು. ಕಾಗದ ಬೆಂಗಳೂರಿನ ಕಚೇರಿಗಳನ್ನು ದಾಟುವ ಮೊದಲೇ ಯುದ್ಧ ಶುರುವಾಗಿ ಹಡಗುಗಳು ನಿಂತುಹೋದವು.

ಆಮೇಲಿನ ವರ್ಷಗಳನ್ನು ಬರೆಯುವಾಗ ಸಿಟ್ಟು ಬಾರದಿರುವುದು ಕಷ್ಟ. ಜರ್ಮನಿಯವಳಲ್ಲವೆಂದು ಜರ್ಮನಿ ಹೊರದೂಡಿದ ಈ ಹೆಂಗಸನ್ನು ೧೯೪೦ರಲ್ಲಿ ಜರ್ಮನಿಯವಳೆಂದು ಪೊಲೀಸರು ಬಂದು ಕರೆದೊಯ್ದು ಶತ್ರುದೇಶದವರ ಶಿಬಿರದಲ್ಲಿ ಇಟ್ಟರು. ವೆಂಕಟರಾಯಪ್ಪನವರು ಬೆಂಗಳೂರಿಗೆ ಅಲೆದಲೆದು ಹೊಣೆ ಬರೆದುಕೊಟ್ಟು, ಮರುವರ್ಷ ಅವರನ್ನು ಬಿಡಿಸಿಕೊಂಡು ಬಂದರು. ಈ ಸಲ ಅವರು ತಿಥಿ ನಕ್ಷತ್ರ ಯಾವುದನ್ನೂ ನೋಡಲಿಲ್ಲ.

ಶಿಬಿರದಿಂದ ಬಂದ ಮೇಲೆ ಫ್ರೀಡಾ ಅವರು ಬರೆದ ಮೊದಲ ಅಂಚೇ ಇಂದು ಎಲ್ಲರೂ ಬಲ್ಲ ಅರಳಿ ಎಲೆಯ ಅಂಚು. ಅದು ಅವರ ತವರಿನ ಬಾಗಿಲಲ್ಲಿದ್ದ ಲಿಂಡನ್ ಎಂಬ ಮರದ ಎಲೆ, ಇಲ್ಲಿನ ನೇಕಾರರಿಗೆ ಅರಳಿ ಎಲೆಯಂತೆ ಕಂಡಿತು, ಅವರೂ ಬೇಡವೆನ್ನಲಿಲ್ಲ. ನೂಲಿನ ಬರ ಬಂದು ಮಗ್ಗಗಳು ನಿಂತಾಗ, ಕಡಿದುಬಿದ್ದ ತುಂಡು ನೂಲುಗಳನ್ನೇ ಗಂಟು ಹಾಕಿಸಿ, ಗಂಟುಗಳೇ ಚುಕ್ಕೆಗಳಾಗಿ ಕಾಣುವಂಥ ಟವೆಲು ಬರೆದುಕೊಟ್ಟು ಬೀದಿಯ ಎಷ್ಟೋ ಮನೆಗಳ ಒಲೆ ಆರದಂತೆ ನೋಡಿಕೊಂಡರು. ಪಡಿತರದ ತಮ್ಮ ಸಕ್ಕರೆಯನ್ನು ಬಾಣಂತಿಯರಿದ್ದ ಮನೆಗೆ ಕಳಿಸುತ್ತಿದ್ದರು. ದೂರದ ಸಾಸಲು ಹಳ್ಳಿಯಿಂದ ನಡೆದು ಬರುತ್ತಿದ್ದ ವಿದ್ಯಾರ್ಥಿಗಳಿಗೆ ಮಧ್ಯಾಹ್ನ ಅಶ್ವತ್ಥಮ್ಮನವರ ಮನೆಯಲ್ಲಿ ಮುದ್ದೆ ಕಾದಿರುತ್ತಿತ್ತು, ಅದರ ರಾಗಿ ಫ್ರೀಡಾ ಅವರದು ಎಂಬುದು ಉಂಡವರಿಗೆ ಎಷ್ಟೋ ಕಾಲ ತಿಳಿದಿರಲಿಲ್ಲ.

ಇಷ್ಟೆಲ್ಲ ನಡೆಯುತ್ತಿರುವಾಗಲೂ ಬಣ್ಣದ ಕೋಣೆಗೆ ಬೇರೆಯವರನ್ನು ನೇಮಿಸಲು ಅವರು ಒಪ್ಪಲಿಲ್ಲ. ವಾರಕ್ಕೊಮ್ಮೆ ತಾವೇ ಅದರ ಬಾಗಿಲು ತೆಗೆದು, ಹುಣಸೆಹಣ್ಣು ಹಚ್ಚಿ ಹಂಡೆಗಳನ್ನು ಬೆಳಗುತ್ತಿದ್ದರು. ಯುದ್ಧ ನಡೆಯುತ್ತಿದ್ದರೂ ರೆಡ್‌ಕ್ರಾಸ್ ಮೂಲಕ ಕ್ಲಾರಾರ ಎರಡು ಮೂರು ಸಾಲಿನ ಸುದ್ದಿ ಅಪರೂಪಕ್ಕೆ ಬರುತ್ತಿತ್ತು. ೧೯೪೨ರ ಬೇಸಗೆಯಿಂದ ಅದೂ ನಿಂತಿತು. ಯುದ್ಧ ಮುಗಿದ ಸಂಭ್ರಮದಲ್ಲಿ ಊರಿನವರು, "ಇನ್ನೇನು, ಹಡಗು ಬಿಡ್ತಾರೆ, ನಿಮ್ಮ ತಂಗಿ ಬಂದ್ಬಿಡ್ತಾರೆ" ಎಂದು ಹೇಳಿದವರೇ ಹೇಳಿದರು. ಅವರೂ ನಂಬಿದರು. ಕ್ಲಾರಾಗೆಂದು ಅಶ್ವತ್ಥಮ್ಮನವರು ಹೊಸ ಚಾಪೆಯೊಂದನ್ನು ತಂದಿಟ್ಟರು.

೧೯೪೬ರಲ್ಲಿ, ತಪ್ಪಿಹೋದವರನ್ನು ಹುಡುಕುವ ಸಂಘವೊಂದರಿಂದ ಉತ್ತರ ಬಂತು. ನಾಲ್ಕು ವರ್ಷಗಳ ಹಿಂದೆಯೇ ನಾಜಿಗಳು ಕ್ಲಾರಾರನ್ನು ಊರಿನ ಇತರ ಯಹೂದಿಗಳೊಡನೆ ರೈಲಿಗೆ ತುಂಬಿ ಪೂರ್ವದ ಶಿಬಿರಗಳಿಗೆ ಕಳಿಸಿದ್ದರು. ಆ ರೈಲಿನಲ್ಲಿ ಹೋದವರಾರೂ ಹಿಂದಿರುಗಲಿಲ್ಲ. ಅಂದು ಫ್ರೀಡಾ ಅವರು ಅಳಲಿಲ್ಲ. ಅಶ್ವತ್ಥಮ್ಮನವರು ಬಲವಂತವಾಗಿ ತಲೆಗೆ ನೀರು ಹಾಕಿ, ತಮ್ಮ ಮನೆಯ ಸಾವಿಗೆ ಏನೇನು ಮಾಡುವರೋ ಅದನ್ನೇ ಮಾಡಿದರು. ಎರಡು ಮಗ್ಗಗಳ ಸದ್ದು ಬಿಟ್ಟರೆ ಅಂದು ಬೀದಿಯಲ್ಲಿ ಸದ್ದಿರಲಿಲ್ಲ, ಆ ಎರಡನ್ನೂ ಯಾರೋ ಹೋಗಿ ನಿಲ್ಲಿಸಿದರು.

ಕೆಲವು ದಿನ ಕಳೆದು ವೆಂಕಟರಾಯಪ್ಪನವರು ಬಂದರು. ಒಳಗೆ ಬರದೆ ಜಗಲಿಯಲ್ಲೇ ಕುಳಿತರು. "ತಾಯಿ, ನೀವು ಕೇಳಿದ ದಿನಾನೇ ನಾನು ಸೈನು ಹಾಕಿದ್ರೆ ಆ ಮಗು ಬರ್ತಿತ್ತಾ?" ಎಂದು ಕೇಳಿದರು.

ಒಳಗೆ ನೂಲು ಸುತ್ತುತ್ತಿದ್ದ ಅಶ್ವತ್ಥಮ್ಮನವರು ರಾಟೆ ನಿಲ್ಲಿಸಿ, ಇಲ್ಲ ಎಂದುಬಿಡಲಿ ದೇವರೇ ಎಂದು ಬೇಡಿಕೊಂಡರಂತೆ. ಇಲ್ಲ ಎನ್ನುವುದು ಸುಲಭವಾಗಿತ್ತು. ಕಚೇರಿಗಳು ತಡಮಾಡುತ್ತಿದ್ದವು, ಹಡಗು ಸಿಗುತ್ತಿರಲಿಲ್ಲ, ಏನು ಬೇಕಾದರೂ ಹೇಳಬಹುದಾಗಿತ್ತು. ಆದರೆ ಏಳು ವರ್ಷಗಳಿಂದ ಅದೇ ಲೆಕ್ಕವನ್ನು ಹಾಕಿ ಹಾಕಿ ಸವೆದಿದ್ದ ಫ್ರೀಡಾ ಅವರು, "ಬರ್ತಿದ್ಲು ಯಜಮಾನ್ರೇ" ಎಂದರು. ಮತ್ತೆ, "ನಾನು ನಿಮ್ಮ ಕಾಲು ಹಿಡ್ಕೊಂಡು ಕೇಳ್ಬೇಕಾಗಿತ್ತು. ಮರ್ಯಾದಿ ಅಂತ ಸುಮ್ನಿದ್ದೆ" ಎಂದರು. ಅವರ ಮನಸ್ಸಿನಲ್ಲಿ ತಪ್ಪಿತಸ್ಥರು ವೆಂಕಟರಾಯಪ್ಪನವರಲ್ಲ, ತಾವೇ. ಆ ಮಾತು ಮುದುಕರಿಗೆ ಸಮಾಧಾನ ತರಲಿಲ್ಲ. ಹೆಗಲ ಮೇಲಿನ ವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಅವರು ಗಟ್ಟಿಯಾಗಿ ಅತ್ತದ್ದನ್ನು ಇಡೀ ಬೀದಿ ಕೇಳಿತು.

ಅಂದಿನಿಂದ ವೆಂಕಟರಾಯಪ್ಪನವರು ತೀರಿಕೊಳ್ಳುವವರೆಗೆ ಪ್ರತಿದಿನ ಅವರ ಮನೆಯಿಂದ ಫ್ರೀಡಾ ಅವರಿಗೆ ಹಾಲು ಬರುತ್ತಿತ್ತು, ಫ್ರೀಡಾ ಅವರು ಅದನ್ನು ಒಂದು ದಿನವೂ ಹಿಂದಕ್ಕೆ ಕಳಿಸಲಿಲ್ಲ. ಹೋದ ವರ್ಷ ಅವರ ಅಂತ್ಯಕ್ರಿಯೆಯಲ್ಲಿ ಕೊನೆಯವರೆಗೂ ನಿಂತಿದ್ದರು. ಇದನ್ನೆಲ್ಲ ಇಂಥ ಸಂಪುಟದಲ್ಲಿ ಬರೆಯಬಹುದೇ ಎಂಬ ಸಂಕೋಚವನ್ನು ವೆಂಕಟರಾಯಪ್ಪನವರ ಮಗ ಗಂಗಣ್ಣನವರೇ ಕಳೆದರು. "ಬರೀರಿ. ನಮ್ಮಪ್ಪ ಸಾಯೋಗಂಟ ಇದನ್ನೇ ಅಂದ್ಕೊಂಡು ಸತ್ತ. ಬರೀದೆ ಇದ್ರೆ ಮೋಸ ಆಗ್ತೈತೆ" ಎಂದರು.

ಸುದ್ದಿ ಬಂದ ಮೇಲೂ ಫ್ರೀಡಾ ಅವರು ಒಂದು ಪಾಠವನ್ನೂ ತಪ್ಪಿಸಲಿಲ್ಲ. ತಪ್ಪು ಮನೆಗಳನ್ನು ತಿದ್ದಿದರು, ಹಾಳೆಗಳನ್ನು ಹರಿದರು, ಘೋಷ ಹೇಳಿಸಿದರು. ಆದರೆ ಹೊಸ ವಿನ್ಯಾಸವೆಂಬುದನ್ನು ಆಮೇಲೆ ಬರೆಯಲಿಲ್ಲ. ಈ ಸಂಪುಟದ ರಕ್ಷಾಪುಟಕ್ಕೆ ಒಂದು ಅಂಚು ಬೇಕೆಂದು ಕೇಳಿದಾಗ ಕಾಗದ ಹಿಡಿದು ಎರಡು ಬೆಳಗು ಕುಳಿತರು. ಮೂರನೆಯ ದಿನ ಬರಿಯ ಕಾಗದವನ್ನೇ ಹಿಂದಿರುಗಿಸಿ, "ಬತ್ತಾ ಇಲ್ಲ, ಬೇಜಾರು ಮಾಡ್ಕೋಬ್ಯಾಡಿ" ಎಂದರು. ನಾವು ನಿವೃತ್ತಿಯೆಂದು ಇಂದು ಹಾರ ಹಾಕುತ್ತಿರುವುದು ಮೂರು ವರ್ಷಗಳ ಹಿಂದೆಯೇ ಮುಗಿದುಹೋದದ್ದಕ್ಕೆ.

ಇಂಥ ಲೇಖನವನ್ನು ದೀರ್ಘಾಯುಷ್ಯದ ಹಾರೈಕೆಯಿಂದ ಮುಗಿಸಬೇಕು. ಅಚ್ಚಿಗೆ ಕೊಡುವ ಮುನ್ನ ಗಂಗಣ್ಣನವರು ಇದನ್ನು ಫ್ರೀಡಾ ಅವರ ಮುಂದೆ ಓದಿದರು. ಅವರು ಕಣ್ಣು ಮುಚ್ಚಿ ಎಲ್ಲವನ್ನೂ ಕೇಳಿದರು. ಕೊನೆಗೆ ಬಂದಾಗ ಕೈ ಎತ್ತಿ ತಡೆದು, "ನೂರು ವರ್ಷ ಅಂತ ಹಾಕ್ಬ್ಯಾಡಿ. ಇಷ್ಟಕ್ಕೇ ಸಾಕಾಗೈತೆ. ಕೆಲಸ ಮುಂದುವರೀಲಿ ಅಂತಾನೂ ಬ್ಯಾಡ" ಎಂದರು.

"ಹಂಗಾದ್ರೆ ಏನು ಹಾಕೋಣಮ್ಮ?" ಎಂದು ಗಂಗಣ್ಣನವರು ಕೇಳಿದರು.

"ಕ್ಲಾರಾ ಹೆಸರು ಹಾಕಿ, ಪೂರ್ತಿ ಹೆಸರು. ಅವಳಿಗೆ ಗೋರಿ ಇಲ್ಲ, ಕಲ್ಲಿಲ್ಲ. ಭೂಮಿ ಮ್ಯಾಲೆ ಎಲ್ಲೂ ಅವಳ ಹೆಸರು ಬರೆದಿಲ್ಲ."

ಪೂಜ್ಯರಾದ ಫ್ರೀಡಾ ಮಾರ್ಕ್‌ಹೈಮ್ ಅವರಿಗೆ ನಮ್ಮೂರು ಕೊಡಬಲ್ಲದ್ದು ಇನ್ನು ಇದೊಂದೇ ಆಗಿರುವುದರಿಂದ, ಹಾರೈಕೆ ಇರಬೇಕಾದ ಈ ಸ್ಥಳದಲ್ಲಿ ಅವರು ಬಯಸಿದ ಹೆಸರನ್ನು ಅಚ್ಚು ಮಾಡಿಸಿದ್ದೇವೆ.

ಕ್ಲಾರಾ ಎಮಿಲಿ ಮಾರ್ಕ್‌ಹೈಮ್. ದೊಡ್ಡಬಳ್ಳಾಪುರದ ನೇಯ್ಗೆ ಶಾಲೆಗೆ ಬಣ್ಣದ ಅಧ್ಯಾಪಕಿಯಾಗಿ ಬರಬೇಕಾಗಿದ್ದವರು.